ಜಪಾನಿ ಹಾಡಿನ ಮೂರನೆಯ ಚರಣ

ಆ ಸಂಜೆ ಪದ್ಮಾವತಿ ತಮ್ಮ ದನಿಯಲ್ಲೇ ಹಾಡಿದರು. ಸುಳ್ಳಾಡಿದವನು ನಾನು.

ನಾನು ನಿಂತಿದ್ದ ಜಾಗವನ್ನು ಮೊದಲು ಹೇಳಿಬಿಡುತ್ತೇನೆ. ಎಂಬತ್ತೈದನೆಯ ಇಸವಿಯ ಡಿಸೆಂಬರ್, ಒಂದು ಶನಿವಾರ. ಹೊತ್ತು ಮುಳುಗಿ ಸುಮಾರು ಒಂದು ತಾಸು ಕಳೆದಿತ್ತು. ಬೆಳಗಾವಿಯ ಉದ್ಯಮಬಾಗಿನಲ್ಲಿದ್ದ ಒಂದು ಪಂಪು ಕಾರ್ಖಾನೆಯ ಅಂಗಳದಲ್ಲಿ ಹಲಗೆ ಜೋಡಿಸಿ ವೇದಿಕೆ ಕಟ್ಟಿದ್ದರು. ಆ ವೇದಿಕೆಯ ಮೇಲೆಯೇ, ಕೂತ ಜನರಿಗೆ ಎಡಗಡೆಯಾಗುವ ಮೂಲೆಯಲ್ಲಿ, ಕಬ್ಬಿಣದ ಮೇಜಿನ ಹಿಂದೆ ನಾನು ನಿಂತಿದ್ದೆ. ನನ್ನ ಮುಂದೆ ಎದೆಯೆತ್ತರದ ಸ್ಪೀಕರ್ ಪೆಟ್ಟಿಗೆ. ಅದರಿಂದಾಗಿ ಕೆಳಗಿದ್ದವರಿಗೆ ನನ್ನ ಮುಖ ಕಾಣುತ್ತಿತ್ತು, ಕೈ ಕಾಣುತ್ತಿರಲಿಲ್ಲ. ಪದ್ಮಾವತಿ ವೇದಿಕೆಯ ನಡುವೆ ಮೈಕಿನ ಮುಂದಿದ್ದರು. ನನ್ನ ಬಲಗೈ ಒಂದು ಟೇಪ್ ಯಂತ್ರದ ಪುಟ್ಟ ಗುಂಡಿಯ ಮೇಲಿತ್ತು.

ಆ ಕೈ ಏನು ಮಾಡಿತು ಎಂಬುದನ್ನು ನಾನು ಹೋದ ತಿಂಗಳವರೆಗೆ ಯಾರಿಗೂ — ಹೆಂಡತಿಗೂ — ಹೇಳಿರಲಿಲ್ಲ.

ಆಗ ನನಗೆ ಇಪ್ಪತ್ತಾರು. ಬೆಳಗಾವಿಯ ಶಹಾಪುರದಲ್ಲಿ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡುವ ಅಂಗಡಿ ಇಟ್ಟಿದ್ದೆ. ಮೈಕ್ ಸೆಟ್ಟನ್ನೂ ಬಾಡಿಗೆಗೆ ಕೊಡುತ್ತಿದ್ದೆ. ಮಾನೆ ಮಾಸ್ತರು ಎಂಬ ಹಾರ್ಮೋನಿಯಂ ವಾದಕರು ಒಂದು ಆರ್ಕೆಸ್ಟ್ರಾ ನಡೆಸುತ್ತಿದ್ದರು. ಗಣಪತಿ ಹಬ್ಬವಿರಲಿ, ಮದುವೆಯಿರಲಿ, ಅವರ ಹಾರ್ಮೋನಿಯಂ ಹೋದಲ್ಲೆಲ್ಲ ಹಿಂದಿನಿಂದ ನನ್ನ ಪೆಟ್ಟಿಗೆಗಳು ಹೋಗುತ್ತಿದ್ದವು. ಢೋಲಕ್ ಬಾರಿಸುತ್ತಿದ್ದವನು ಪೀರನವಾಡಿಯ ಇಸ್ಮಾಯಿಲ್, ನನ್ನ ಗೆಳೆಯ. ಹಾಡುತ್ತಿದ್ದವರು ಖಾನಾಪುರದ ಪದ್ಮಾವತಿ. ನಮಗಿಂತ ಚಿಕ್ಕವರಾದರೂ ನಾವೆಲ್ಲ ಪದ್ಮಕ್ಕ ಎನ್ನುತ್ತಿದ್ದೆವು.

ಪದ್ಮಕ್ಕನ ತಂದೆ ಪಾಯಪ್ಪನವರಿಗೆ ಖಾನಾಪುರದ ಪೇಟೆಯಲ್ಲಿ ಬಟ್ಟೆ ಅಂಗಡಿ. ಜೈನರ ಹಳೆಯ ಮನೆತನ. ಮನೆಯ ಹೆಣ್ಣುಮಕ್ಕಳು ಬಸದಿಯಲ್ಲಿ ಹಾಡುವುದುಂಟು, ಪೆಂಡಾಲಿನಲ್ಲಿ ಹಾಡಿದವರು ಯಾರೂ ಇರಲಿಲ್ಲ. ಬೆಳಗಾವಿಗೆ ಬಂದು ಒಬ್ಬ ಗುರುಗಳ ಹತ್ತಿರ ಸಂಗೀತ ಕಲಿಯುತ್ತಿದ್ದ ಮಗಳನ್ನು ಪಾಯಪ್ಪನವರು ತಡೆದಿರಲಿಲ್ಲ. ಆದರೆ ಅವಳು ಧಾರವಾಡಕ್ಕೆ ಹೋಗಿ ರೇಡಿಯೋದವರ ಸ್ವರಪರೀಕ್ಷೆಗೆ ಕೂರುತ್ತೇನೆ ಎಂದಾಗ, 'ಮಂದಿ ಮುಂದ ಹೆಂಗ ಹಾಡ್ತೀ ಅನ್ನೂದು ಒಮ್ಮೆ ನಾನ ಬಂದು ನೋಡ್ತೀನಿ. ಆಮ್ಯಾಲ ಧಾರವಾಡದ ಮಾತು' ಎಂದಿದ್ದರಂತೆ. ಆ ಶನಿವಾರ ಅವರು ನೋಡಲು ಬಂದ ದಿನ.

ಇನ್ನೊಂದು ವಿಷಯವನ್ನೂ ಇಲ್ಲಿಯೇ ಹೇಳಬೇಕು. ತಾಯಿ ತೀರಿಕೊಂಡ ವರ್ಷ ಪದ್ಮಕ್ಕ ಬಸದಿಯಲ್ಲಿ ಒಂದು ನೇಮ ತೆಗೆದುಕೊಂಡಿದ್ದರು. ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ನೀರೂ ಇಲ್ಲ. ಜೈನರ ಮನೆಗಳಲ್ಲಿ ಇದು ಹೊಸದಲ್ಲ. ಆದರೆ ಹಾಡುವವರಿಗೆ ನೀರಿಲ್ಲದಿದ್ದರೆ ಏನಾಗುತ್ತದೆ ಎಂಬುದು ನಮಗೆ ಗೊತ್ತಿತ್ತು. ಅದಕ್ಕೇ ಮಾನೆ ಮಾಸ್ತರು ಆದಷ್ಟೂ ಹಗಲಿನ ಕಾರ್ಯಕ್ರಮಗಳಿಗೇ ಅವರನ್ನು ಕರೆಯುತ್ತಿದ್ದರು. ಇಸ್ಮಾಯಿಲ್ ಕಾಡಿಸುತ್ತಿದ್ದ: 'ನಮ್ಮ ಪದ್ಮಕ್ಕ ಸೂರ್ಯಕಾಂತಿ ಹೂವಿದ್ದಾಂಗ್ರೀ. ಹೊತ್ತು ಮುಳುಗಿದ್ರ ಗೋಣು ಕೆಳಗ.' ಅವರು, 'ನೀ ರಾತ್ರಿರಾಣಿ ಏನಪಾ? ಹಗಲ ಹೊತ್ತು ಬರೇ ತೂಕಡಸ್ತಿ' ಎನ್ನುತ್ತಿದ್ದರು. ನಗುತ್ತಿದ್ದರು. ಆ ನಗುವಿನಲ್ಲೂ ಸ್ವರ ಇರುತ್ತಿತ್ತು — ಇದನ್ನು ನಾನು ಈಗ ಕೂಡಿಸಿ ಹೇಳುತ್ತಿಲ್ಲ, ಆಗಲೂ ಹಾಗೇ ಅನಿಸುತ್ತಿತ್ತು.

ಜಪಾನಿನ ಎಂಜಿನಿಯರೊಬ್ಬರು ಆ ಕಾರ್ಖಾನೆಗೆ ಹೊಸ ಯಂತ್ರ ಕೂಡಿಸಲು ಬಂದಿದ್ದರು. ಅವರ ಹೆಸರು ಮೋರಿ. ಆ ಹೆಸರು ಹಿಡಿದು ಕರೆಯಲು ನಮ್ಮವರಿಗೆ ಬಾಯಿ ಬರಲಿಲ್ಲ. ಎಲ್ಲರೂ 'ಜಪಾನ್ ಸಾಹೇಬ್ರು' ಎನ್ನುತ್ತಿದ್ದರು. ಐವತ್ತರ ಆಚೀಚಿನ, ದಪ್ಪ ಕನ್ನಡಕದ, ಮಾತು ಕಡಿಮೆಯ ಮನುಷ್ಯ. ಒಂದು ದಿನ ಕಾರ್ಖಾನೆಯ ಜೀಪಿನಲ್ಲಿ ನನ್ನ ಅಂಗಡಿಗೆ ಬಂದರು. ಮಗುವನ್ನು ಎತ್ತಿಕೊಂಡಂತೆ ಒಂದು ಪೆಟ್ಟಿಗೆಯನ್ನು ಎದೆಗವಚಿಕೊಂಡಿದ್ದರು. ಅವರ ದೇಶದ ಕರೆಂಟು ನಮ್ಮದರ ಅರ್ಧಕ್ಕಿಂತ ಕಡಿಮೆ. ಇಲ್ಲಿಯ ಪ್ಲಗ್ಗಿಗೆ ಹಚ್ಚಿ ಪೆಟ್ಟಿಗೆಯನ್ನು ಸುಟ್ಟುಕೊಂಡಿದ್ದರು.

ನಾನು ಸುಟ್ಟದ್ದನ್ನು ಬದಲಿಸಿ, ಕರೆಂಟನ್ನು ಇಳಿಸಿಕೊಡುವ ಟ್ರಾನ್ಸ್‌ಫಾರ್ಮರ್ ಒಂದನ್ನು ಕೈಯಾರೆ ಸುತ್ತಿಕೊಟ್ಟೆ. ಚಾಲೂ ಮಾಡಿ ಅವರದೇ ಕ್ಯಾಸೆಟ್ ಹಾಕಿದರೆ ಗಿಟಾರು, ಪಿಟೀಲು, ಡ್ರಮ್ಮು ಎಲ್ಲ ಬಂದವು; ಹಾಡುವವರ ದನಿ ಬರಲಿಲ್ಲ. ಹೆಡ್ಡು ಕೊಳೆಯಾಗಿದೆ ಎಂದುಕೊಂಡು ಮತ್ತೆ ಬಿಚ್ಚಿದೆ. ಸ್ಪಿರಿಟ್ಟಿನಿಂದ ಒರೆಸಿದೆ. ಆಗಲೂ ಬರಲಿಲ್ಲ. ಸಾಹೇಬರು ನಕ್ಕರು. ಮುಂದಿದ್ದ ಗುಂಡಿಯೊಂದನ್ನು ಬಲಕ್ಕೆ ತಿರುಗಿಸಿದರು. ಒಳಗಿಂದ ಒಬ್ಬ ಹೆಣ್ಣುಮಗಳು ಹಾಡತೊಡಗಿದಳು. ಎಡಕ್ಕೆ ತಿರುಗಿಸಿದರು — ಅವಳು ಇಲ್ಲವಾದಳು, ಬಾಜಾಬಜಂತ್ರಿ ಮಾತ್ರ ಉಳಿಯಿತು. ಆಮೇಲೆ ಪೆಟ್ಟಿಗೆಯ ಜೊತೆಗಿದ್ದ ಮೈಕು ಹಿಡಿದು ಅವರೇ ಹಾಡಿದರು. ಅಂಗಡಿಯ ಮುಂದೆ ಸೈಕಲ್ಲುಗಳು ನಿಂತವು.

ಅದರ ಹೆಸರನ್ನು ಅವರು ಎರಡು ಸಲ ಹೇಳಿದರು. ಈಗ ಎಲ್ಲರೂ ಕರೋಕೆ ಎನ್ನುತ್ತಾರೆ. ಅಂದು ಮಾನೆ ಮಾಸ್ತರ ಜೊತೆ ಅಂಗಡಿಗೆ ಬಂದಿದ್ದ ಇಸ್ಮಾಯಿಲ್ ಅದನ್ನು ಆ ಕ್ಷಣವೇ 'ಖಾರಾ ಓಕೆ' ಮಾಡಿದ. 'ಖಾರಾ ಅಂದ್ರ ನಮಗೂ ಓಕೆನ ರೀ ಸಾಹೇಬ್ರ' ಎಂದ. ಸಾಹೇಬರು ಅರ್ಥವಾಗದೆ ಅವನಿಗೆ ತಲೆಬಾಗಿದರು. ಮಾನೆ ಮಾಸ್ತರು ಮಾತ್ರ ನಗಲಿಲ್ಲ. ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದು, 'ಬಸೂ, ಇಂಥಾದು ಊರಾಗ ಇನ್ನೊಂದು ಬಂತಂದ್ರ ನಾ, ಇಂವ, ನಮ್ಮ ಪಿಟೀಲಿನಾಂವ — ಎಲ್ಲಾರೂ ಮನ್ಯಾಗ ಕುಂದರೂದ ನೋಡಪಾ' ಎಂದರು.

ಸಾಹೇಬರ ಹತ್ತಿರ ಅಂಥ ಕ್ಯಾಸೆಟ್ಟುಗಳು ಒಂದು ಡಬ್ಬಿ ತುಂಬ ಇದ್ದವು. ಎಲ್ಲ ಆ ವರ್ಷ ಅವರ ದೇಶದಲ್ಲಿ ಹುಡುಗ ಹುಡುಗಿಯರು ಹಾಡುತ್ತಿದ್ದ ಹೊಸ ಹಾಡುಗಳು. ಅವರ ಮಗಳು ಆರಿಸಿ ಕಳಿಸಿದ್ದಳಂತೆ. ಮಗಳಿಗೆ ಎಲ್ಲಕ್ಕಿಂತ ಇಷ್ಟವಾದ ಒಂದು ಹಾಡನ್ನು ಅವರು ಸಂಜೆ ಹೊತ್ತು ಪೆಟ್ಟಿಗೆ ತಂದು ನಮ್ಮಲ್ಲಿ ಕೂತು ಮೇಲಿಂದ ಮೇಲೆ ಹಾಕುತ್ತಿದ್ದರು. ಅದನ್ನು ಅವರು ಹಾಡುತ್ತಿರಲಿಲ್ಲ. ಅದು ಹೆಣ್ಣು ದನಿಯ ಹಾಡು.

ಪದ್ಮಕ್ಕ ಆ ಹಾಡನ್ನು ಕೇಳಿದ್ದು ನನ್ನ ಅಂಗಡಿಯಲ್ಲೇ. ಪಾಠ ಮುಗಿಸಿ ಖಾನಾಪುರದ ಬಸ್ಸು ಹಿಡಿಯುವ ಮೊದಲು ಬಂದಿದ್ದರು. ಕಣ್ಣುಮುಚ್ಚಿ ಕೇಳಿದರು. 'ಬಸವರಾಜ ಅಣ್ಣಾರ, ಇದು ನಮ್ಮ ಭೂಪ ರಾಗದ ಹಾದ್ಯಾಗ ಹೊಂಟೈತಿ ನೋಡ್ರಿ' ಎಂದರು. ಆರೋಹ ಅವರೋಹ ಗುನುಗಿ ತೋರಿಸಿದರು. ಇನ್ನೊಂದು ಮಾತನ್ನೂ ಹೇಳಿದರು — 'ಇವರ ಮಾತು ನಮ್ಮ ಕನ್ನಡದಾಂಗ ಬಾಯಿ ತೆರೆದ ಮುಗೀತಾವ. ಹಾಡಾಕ ತ್ರಾಸಿಲ್ಲ.'

ಅವರು ಕಲಿತದ್ದನ್ನು ನಾನು ನೋಡಿದ್ದೇನೆ. ಹಾಳೆಯಲ್ಲಿ ಬರೆದುಕೊಳ್ಳಲಿಲ್ಲ. ಗುರುಗಳ ಮುಂದೆ ಕೂತು ರಾಗದ ಚೀಜು ಕಲಿಯುವ ಹಾಗೆ ಕಲಿತರು: ಸಾಹೇಬರು ಒಂದು ಸಾಲು ನುಡಿಯುವರು, ಇವರು ಹಿಂದಿನಿಂದ ನುಡಿಯುವರು. ಮೊದಲು ಗುಂಡಿಯನ್ನು ಬಲಕ್ಕಿಟ್ಟು ಆ ಹೆಣ್ಣುಮಗಳ ಜೊತೆ ಹಾಡಿದರು. ಮುಂದೆ ಎಡಕ್ಕಿಟ್ಟು ಒಬ್ಬರೇ. ತಪ್ಪಾದಲ್ಲಿ ಸಾಹೇಬರು ಕೈ ಎತ್ತುತ್ತಿದ್ದರು. ದಿನ ಕಳೆದಂತೆ ಕೈ ಎತ್ತುವುದು ಕಡಿಮೆಯಾಯಿತು. ಹಾಡಿನ ಅರ್ಥ ಏನೆಂದು ಪದ್ಮಕ್ಕ ಕೇಳಿದ್ದಕ್ಕೆ ಸಾಹೇಬರು ಕನ್ನಡಕ ತೆಗೆದು ಅದರ ಮೇಲೆ ಬಾಯಿಂದ ಹಾ ಎಂದು ಉಸಿರು ಬಿಟ್ಟರು. ಗಾಜು ಮಸುಕಾಯಿತು. ಆ ಮಸುಕಿನ ಮೇಲೆ ಬೆರಳಿನಿಂದ ಏನೋ ಒಂದು ಅಕ್ಷರ ಬರೆದು, ತಕ್ಷಣ ಒರೆಸಿಬಿಟ್ಟರು. ಪದ್ಮಕ್ಕ, 'ಹೆಸರು ಬರದು ಅಳಸ್ತಾಳ' ಎಂದರು. ಅಷ್ಟೇ. ಮುಂದೆ ಅರ್ಥ ಕೇಳಲಿಲ್ಲ.

ಹೊಸ ಯಂತ್ರ ಚಾಲೂ ಆಗುವ ದಿನವೇ ಸಾಹೇಬರನ್ನು ಬೀಳ್ಕೊಡುವುದೆಂದು ಕಾರ್ಖಾನೆಯ ಮಾಲೀಕರು ಗೊತ್ತುಮಾಡಿದರು. ಮಾನೆ ಮಾಸ್ತರ ಆರ್ಕೆಸ್ಟ್ರಾ, ಕೊನೆಯಲ್ಲಿ ಪೆಟ್ಟಿಗೆಯ ಸಂಗೀತದೊಂದಿಗೆ ಪದ್ಮಕ್ಕನ ಜಪಾನಿ ಹಾಡು. ಮಾನೆ ಮಾಸ್ತರು ಒಲ್ಲದ ಮನಸ್ಸಿನಿಂದ ಒಪ್ಪಿದ್ದರು. 'ಬಸೂ, ಆ ಗುಂಡಿ ಎಡಕ್ಕಿಟ್ಟ ಮ್ಯಾಲ ಮುಟ್ಟಬ್ಯಾಡ. ಏನರ ಹೆಚ್ಚುಕಡಿಮಿ ಆದ್ರ ಹೆಸರು ಕೆಡೂದು ನಂದು' ಎಂದು ಎಚ್ಚರಿಸಿದ್ದರು. ಮುಟ್ಟುವುದಿಲ್ಲ ಎಂದು ನಾನು ಮಾತು ಕೊಟ್ಟಿದ್ದೆ. ಸಾಹೇಬರು ಗುಂಡಿ ಎಲ್ಲಿಗೆ ನಿಲ್ಲಬೇಕೋ ಅಲ್ಲಿ ಒಂದು ಕೆಂಪು ಕಾಗದದ ಚೂರು ಅಂಟಿಸಿ ಕೊಟ್ಟಿದ್ದರು.

ಕಾರ್ಯಕ್ರಮ ಮಧ್ಯಾಹ್ನ ನಾಲ್ಕಕ್ಕೆ ಎಂದು ಹೇಳಿದ್ದರು. ಮುಖ್ಯ ಅತಿಥಿಗಳು ಬಂದದ್ದೇ ಐದು ದಾಟಿದ ಮೇಲೆ. ನಂತರ ಭಾಷಣಗಳು. ಹಿಂದಿನ ಶೆಡ್ಡಿನಿಂದ ಎರಕದ ಮರಳಿನ ಧೂಳು ಬರುತ್ತಿತ್ತು, ಮುಂದೆ ಯಂತ್ರಪೂಜೆಗೆ ಹಚ್ಚಿದ್ದ ಧೂಪ. ಆಕಾಶ ಕೆಂಪಾಗತೊಡಗಿದಾಗ ಪದ್ಮಕ್ಕ ವೇದಿಕೆಯ ಹಿಂದೆ ಹೋಗಿ, ಮನೆಯಿಂದ ತಂದಿದ್ದ ನೀರನ್ನು ಕುಡಿದು, ತಾಮ್ರದ ಚೊಂಬನ್ನು ಬೋರಲು ಹಾಕಿದರು. ನಾನು ನೋಡಿದೆ. ಇನ್ನೂ ಇಬ್ಬರು ಮಾತಾಡುವವರಿದ್ದರು. ಪಾಯಪ್ಪನವರು ಬಿಳಿ ಟೊಪ್ಪಿಗೆ ಹಾಕಿಕೊಂಡು ಮೂರನೆಯ ಸಾಲಿನಲ್ಲಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮಗಳ ಸರದಿ ಬರುವವರೆಗೆ ಅವರು ಅತ್ತಿತ್ತ ನೋಡಲಿಲ್ಲ.

ಮೊದಲ ಚರಣ ಪದ್ಮಕ್ಕ ಹಾಡಿದರು. ಗುಂಡಿ ಎಡಕ್ಕಿತ್ತು, ಕೆಂಪು ಕಾಗದದ ನೇರಕ್ಕೆ. ಎರಡನೆಯ ಚರಣವನ್ನೂ ಅವರೇ ಹಾಡಿದರು. ಇದಕ್ಕೆ ನಾನು ಸಾಕ್ಷಿ. ವೇದಿಕೆಯ ಬಲಬದಿಯ ಕುರ್ಚಿಯಲ್ಲಿದ್ದ ಮೋರಿ ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹಿಂದಿನ ಸಾಲಿನ ಹುಡುಗ ಕೆಲಸಗಾರರು ಕೂಡ ಸುಮ್ಮನಾಗಿದ್ದರು. ಒಂದು ಅಕ್ಷರವೂ ತಿಳಿಯದ ಹಾಡನ್ನು ಇಡೀ ಅಂಗಳ ಕೇಳುತ್ತಿತ್ತು.

ಎರಡನೆಯ ಮತ್ತು ಮೂರನೆಯ ಚರಣದ ನಡುವೆ ಬರೇ ವಾದ್ಯಗಳು ನುಡಿಯುತ್ತವೆ. ಆಗ ಪದ್ಮಕ್ಕ ಸಣ್ಣಗೆ ಕೆಮ್ಮಿದರು. ಯಾರೋ ಒಂದು ಗ್ಲಾಸು ನೀರು ತಂದರು. ಅವರು ಕೈಯಾಡಿಸಿ ಬೇಡವೆಂದರು. ಮೂರನೆಯ ಚರಣದ ಮೊದಲ ಸಾಲು ಬಂತು. ಎರಡನೆಯ ಸಾಲಿನಲ್ಲಿ ದನಿ — ಸ್ವರ ತಪ್ಪಲಿಲ್ಲ, ಒಣಗಿತು. ಅರಿವೆ ಹರಿದಂಥ ಒಂದು ಸದ್ದು ಬಂದು ನಿಂತುಹೋಯಿತು. ಸಂಗೀತ ಮುಂದೆ ಹೋಗುತ್ತಲೇ ಇತ್ತು. ಅದಕ್ಕೆ ಕಾಯುವುದು ಗೊತ್ತಿಲ್ಲ. ನಮ್ಮ ಮಾಸ್ತರ ಹಾರ್ಮೋನಿಯಂ ಆಗಿದ್ದರೆ ಕಾಯುತ್ತಿತ್ತು. ಪದ್ಮಕ್ಕ ಸೆರಗಿನಿಂದ ಬಾಯಿ ಮುಚ್ಚಿ ಪಕ್ಕಕ್ಕೆ ತಿರುಗಿದರು.

ನಾನು ಗುಂಡಿಯನ್ನು ಬಲಕ್ಕೆ ತಿರುಗಿಸಿದೆ.

ಕಾಪಾಡಬೇಕು ಅನಿಸಿತ್ತು, ನಿಜ. ಎರಡು ಸಾಲು ಆ ಹೆಣ್ಣುಮಗಳು ಹಾಡಲಿ, ಯಾರಿಗೂ ತಿಳಿಯುವುದಿಲ್ಲ, ಅಷ್ಟರಲ್ಲಿ ಇವರು ಸುಧಾರಿಸಿಕೊಳ್ಳುತ್ತಾರೆ — ಎಂದು ಕೈಗೆ ಅನಿಸಿತು. ತಲೆಗೆ ಅನಿಸಲು ಹೊತ್ತೇ ಇರಲಿಲ್ಲ. ಆದರೆ ಪದ್ಮಕ್ಕನ ಬಾಯಿಯ ಮೇಲೆ ಸೆರಗು ಇತ್ತು. ನನ್ನ ಸ್ಪೀಕರುಗಳಿಂದ ಒಂದು ದನಿ ತುಂಬಿ, ಚಂದಾಗಿ, ಯಾವ ತೊಡಕೂ ಇಲ್ಲದೆ ಹಾಡುತ್ತಿತ್ತು.

ಮೊದಲು ಹಿಂದಿನಿಂದ ಒಂದು ಸಿಳ್ಳೆ. ಆಮೇಲೆ, 'ಅಲೇ, ಬಾಯಿ ಮುಚ್ಚಿಕೊಂಡ ಹಾಡತಾಳಲೇ' ಎಂದು ಯಾರೋ ಅಂದರು. ಆಮೇಲೆ ನಗು. ಅದು ಸಾಲಿನಿಂದ ಸಾಲಿಗೆ ಮುಂದೆ ಬಂತು. ಮುಖ್ಯ ಅತಿಥಿಗಳೂ ನಕ್ಕರು. ಪದ್ಮಕ್ಕ ಮತ್ತೆ ಮೈಕಿಗೆ ಬಂದು ಸಣ್ಣ ದನಿಯಲ್ಲಿ ಉಳಿದ ಸಾಲುಗಳನ್ನು ಹಾಡಿದರು. ಈಗ ಎರಡು ದನಿ ಕೂಡಿದ್ದವು; ಯಾವುದು ಯಾರದೆಂದು ಹೇಳುವ ಹಾಗಿರಲಿಲ್ಲ. ಆ ಕ್ಷಣ ನಾನು ಗುಂಡಿಯನ್ನು ಹಿಂದಕ್ಕೆ ಎಡಕ್ಕೆ ತಿರುಗಿಸಿದ್ದರೆ ಅವರೊಬ್ಬರ ದನಿಯೇ, ಒಣಗಿದ್ದರೂ ಅವರದೇ ದನಿ, ಇಡೀ ಅಂಗಳಕ್ಕೆ ಕೇಳುತ್ತಿತ್ತು. ತಿರುಗಿಸಲಿಲ್ಲ. ಬೆರಳುಗಳು ಅಲ್ಲೇ ಹಿಡಿದುಕೊಂಡವು.

ಹಾಡು ಮುಗಿದ ಮೇಲೆ ತಿರುಗಿಸಿದೆ. ಸದ್ದಾಗದ ಹಾಗೆ, ಕೆಂಪು ಕಾಗದದ ನೇರಕ್ಕೆ ತಂದಿಟ್ಟೆ. ಇಲ್ಲಿಂದ ಮುಂದಿನದನ್ನು ಕೈ ತಾನಾಗಿ ಮಾಡಿತು ಎಂದು ನಾನು ಹೇಳಲಾರೆ. ಅದನ್ನು ಮಾಡಿದವನು ನಾನು — ಪೂರಾ ಎಚ್ಚರದಲ್ಲಿದ್ದ ನಾನು.

ಪಾಯಪ್ಪನವರು ಎದ್ದು ವೇದಿಕೆಯ ಬದಿಗೆ ಬಂದರು. ಮಾನೆ ಮಾಸ್ತರು, ಇಸ್ಮಾಯಿಲ್, ನಾಲ್ಕಾರು ಜನ ಸುತ್ತ ಸೇರಿದರು. ಮಾಲೀಕರು ದೊಡ್ಡ ಮನಸ್ಸು ಮಾಡಿ, 'ಇರ್ಲಿ ಬಿಡ್ರಿ, ಜಪಾನಿ ಹಾಡು ನಮ್ಮ ಹುಡಿಗ್ಯಾರಿಗೆ ಎಲ್ಲಿ ಬರಬೇಕು. ಛಂದ ಬಾಯಿ ಆಡಿಸಿದ್ಲು' ಎಂದರು. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲವೇನೋ.

'ಅಪ್ಪಾ, ನಾನ ಹಾಡೇನಿ' ಎಂದರು ಪದ್ಮಕ್ಕ. ಮಾತೇ ಸರಿಯಾಗಿ ಹೊರಡುತ್ತಿರಲಿಲ್ಲ.

'ಹಂಗಾರ ಇಲ್ಲೇ ಎರಡು ಸಾಲು ಹಾಡು, ಮಗಳ' ಎಂದರು ತಂದೆ. ಸಿಟ್ಟಿನಿಂದಲ್ಲ. ಹಾಡಲಿ ಎಂಬ ಆಸೆಯಿಂದಲೇ ಹೇಳಿದ ಹಾಗಿತ್ತು.

ಪದ್ಮಕ್ಕ ಬಾಯಿ ತೆರೆದರು. ದನಿ ಬರಲಿಲ್ಲ. ಇಸ್ಮಾಯಿಲ್ ಆ ನೀರಿನ ಗ್ಲಾಸನ್ನು ಎತ್ತಿ ಮುಂದೆ ಹಿಡಿದ. 'ಕುಡೀ ಅಕ್ಕಾ, ಒಂದ ಗುಟುಕು ಕುಡೀ. ದೇವರು ಏನೂ ಅನ್ನಂಗಿಲ್ಲ.' ಪದ್ಮಕ್ಕ ಗ್ಲಾಸನ್ನು ನೋಡಿದರು. ತಂದೆಯ ಮುಖ ನೋಡಿದರು. ಕುಡಿ ಎಂದು ತಂದೆ ಹೇಳಲಿಲ್ಲ, ಕುಡಿಯಬೇಡ ಎಂದೂ ಹೇಳಲಿಲ್ಲ. ಒಂದು ಗುಟುಕು ಕುಡಿದಿದ್ದರೆ ಅಲ್ಲಿಯೇ ಹಾಡಿ ತೋರಿಸಿಬಿಡುತ್ತಿದ್ದರು. ಧಾರವಾಡಕ್ಕೂ ಹೋಗುತ್ತಿದ್ದರು. ಅವರು ಇಸ್ಮಾಯಿಲ್‌ಗೆ ಕೈ ಮುಗಿದು ಬೇಡವೆಂದು ತಲೆಯಾಡಿಸಿದರು.

ಆಗ ಪಾಯಪ್ಪನವರು ನನ್ನ ಕಡೆ ತಿರುಗಿದರು.

'ತಮ್ಮಾ, ನೀ ಇಲ್ಲೇ ನಿಂತಿದ್ದಿ. ನಿನಗ ಇದರಾಗ ಏನೂ ಬರೂದಿಲ್ಲ, ಹೋಗೂದಿಲ್ಲ. ಖರೇ ಹೇಳು. ಹಾಡಿದಾಕಿ ನನ್ನ ಮಗಳೇನು, ಆ ಪೆಟಗಿಯೇನು?'

ಮಾನೆ ಮಾಸ್ತರು ನನ್ನನ್ನೇ ನೋಡುತ್ತಿದ್ದರು. ಗುಂಡಿ ಮುಟ್ಟುವುದಿಲ್ಲ ಎಂದು ನಾನು ಮಾತು ಕೊಟ್ಟಿದ್ದು ಅವರಿಗೇ. ಮಾಲೀಕರು ನೋಡುತ್ತಿದ್ದರು. ನಾನು ಹೇಳಿದ್ದು ಇಷ್ಟು:

'ಟೇಪಿನ್ಯಾಗ ಏನಿತ್ತೋ ಅದು ಬಂತ್ರೀ.'

ಎಷ್ಟೋ ವರ್ಷ ನಾನು ಆ ಮಾತಿನೊಳಗೇ ಅಡಗಿ ಕೂತಿದ್ದೆ. ಅದರಲ್ಲಿ ಸುಳ್ಳೇನಿದೆ? ಟೇಪಿನಲ್ಲಿ ಇದ್ದದ್ದೇ ಬಂದದ್ದು. ಪದ್ಮಾವತಿ ಹಾಡಲಿಲ್ಲ ಎಂದು ನಾನು ಹೇಳಿದೆನೇ? ಹೇಳಲಿಲ್ಲ. ಹೀಗೆ ವಾದ ಮಾಡಿಕೊಳ್ಳುತ್ತ — ಆದರೆ ಕೇಳಿದ ಮುದುಕರು ಅದನ್ನು ಹೇಗೆ ತೆಗೆದುಕೊಳ್ಳುತ್ತಾರೆಂದು ಹೇಳುವ ಮೊದಲೇ ನನಗೆ ಗೊತ್ತಿತ್ತು. ಗೊತ್ತಿದ್ದೇ ಆ ಮಾತನ್ನು ಆರಿಸಿಕೊಂಡೆ. ಯಾಕೆ? ಮಾಸ್ತರು ಬೈಯುತ್ತಾರೆ ಎಂದೇ? ಮೈಕಿನ ಕೆಲಸ ಕೈಬಿಟ್ಟೀತು ಎಂದೇ? ಅಥವಾ, ಆ ಪೆಟ್ಟಿಗೆಯನ್ನು ಊರಿನಲ್ಲಿ ನಾನೊಬ್ಬನೇ ಬಲ್ಲೆ ಎಂದು ಎಲ್ಲರೆದುರು ಹೇಳಿಕೊಂಡು ತಿರುಗಿದ್ದೆನಲ್ಲ, ಆ ಜಂಬಕ್ಕೇ? ಎಲ್ಲವೂ ಇರಬಹುದು. ಎಲ್ಲವನ್ನೂ ಕೂಡಿಸಿದರೂ ಪದ್ಮಕ್ಕನ ಒಂದು ಸಾಲಿನ ತೂಕಕ್ಕೆ ಬರುವುದಿಲ್ಲ.

'ನಾ ಮೊದಲ ಹೇಳಿದ್ನಿ, ಈ ಪೆಟಗಿ ಬ್ಯಾಡಂತ' ಎಂದರು ಮಾನೆ ಮಾಸ್ತರು. ಪಾಯಪ್ಪನವರು ಮಗಳಿಗೆ, 'ನಡಿ. ಬಸ್ಸು ಬರೂ ಹೊತ್ತಾತು' ಎಂದರು. ಅಪ್ಪ ಮಗಳು ಅಂಗಳ ದಾಟಿ ಖಾನಾಪುರದ ರಸ್ತೆಯ ಕಡೆಗೆ ಹೋದರು. ಅವರು ವೇದಿಕೆಯ ಮುಂದಿನಿಂದ ಹೋಗುವಾಗ ಮೋರಿ ಸಾಹೇಬರು ಕುರ್ಚಿಯಿಂದೆದ್ದು, ಸೊಂಟ ಬಾಗಿಸಿ, ಪದ್ಮಕ್ಕನಿಗೆ ನಮಸ್ಕರಿಸಿದರು. ಆ ಇಬ್ಬರೂ ಮರೆಯಾಗುವವರೆಗೂ ಸಾಹೇಬರು ತಲೆ ಎತ್ತಲಿಲ್ಲ. ಅದು ಅವರ ದೇಶದ ಪದ್ಧತಿ ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು.

ಮರುದಿನ ಪೆಟ್ಟಿಗೆ ಒಯ್ಯಲು ಸಾಹೇಬರು ಅಂಗಡಿಗೆ ಬಂದರು. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಆ ಗುಂಡಿಯನ್ನು ನಿಧಾನವಾಗಿ ಬಲಕ್ಕೆ ತಿರುಗಿಸಿದರು. ನನ್ನ ಮುಖ ನೋಡಿದರು. ಮತ್ತೆ ಎಡಕ್ಕೆ, ಕೆಂಪು ಕಾಗದದ ನೇರಕ್ಕೆ ತಂದಿಟ್ಟರು. ಆಮೇಲೆ ಆ ಹಾಡಿನ ಕ್ಯಾಸೆಟ್ಟನ್ನು ಹೊರತೆಗೆದು ನನ್ನ ಅಂಗೈಯಲ್ಲಿಟ್ಟು, 'ಪದೋಮಾ' ಎಂದರು. ಅವರಿಗೆ ಕೊಡು ಎಂದು. ಅದೇ ವಾರ ಊರಿಗೆ ಹೊರಟುಹೋದರು.

ಕ್ಯಾಸೆಟ್ಟು ಕೊಡಲು ನಾನು ಖಾನಾಪುರಕ್ಕೆ ಹೋದದ್ದು ಬೇಸಿಗೆ ಬಂದ ಮೇಲೆ. ಹೋಗುವಾಗ ಬಸ್ಸಿನಲ್ಲಿ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಮಧ್ಯಾಹ್ನದ ಹೊತ್ತು, ಪಾಯಪ್ಪನವರು ಅಂಗಡಿಯಲ್ಲಿ ಒಬ್ಬರೇ ಇದ್ದರು. ನನ್ನನ್ನು ಗುರುತಿಸಿದರು.

'ಮೈಕ್ ಸೆಟ್ಟಿನವರಲ್ಲೇನ್ರಿ? ಬರ್ರಿ, ಕುಂದರ್ರಿ.'

ಕೂತೆ. ಅವರೇ ಮಾತು ತೆಗೆದರು.

'ಅವತ್ತ ನೀವು ಖರೇ ಹೇಳಿದ್ರಿ. ಬ್ಯಾರೆಯವರಾದ್ರ ನನ್ನ ವಯಸ್ಸು ನೋಡಿ ಮುಚ್ಚಿಡತಿದ್ರು. ಮರುದಿನ ಮುಂಜಾನೆ ನೀರು ಕುಡದು ಆಕಿ ಪೂರಾ ಹಾಡು ಹಾಡಿ ತೋರಿಸಿದ್ಲು. ಚಲೋನ ಬರತೈತಿ. ಅದಕ್ಕ ನೋವು ಜಾಸ್ತಿ ನೋಡ್ರಿ. ಬರತಿದ್ದೂ ಮಂದಿ ಮುಂದ ಪೆಟಗಿ ಹಚ್ಚಿ ಬಾಯಿ ಆಡಿಸಿದ್ಲಲ್ಲ. ಮ್ಯಾಲ ನಾನ ಹಾಡೇನಿ ಅಂತ ನನ್ನ ಮುಂದ ಅಂದ್ಲು. ಧಾರವಾಡ ಬಿಡು ಅಂದೆ. ಬಿಟ್ಲು.'

ನನಗೆ ಆ ಮುದುಕರು ಉಪಕಾರ ಹೇಳುತ್ತಿದ್ದರು — ಖರೇ ಹೇಳಿದ್ದಕ್ಕೆ. ಕ್ಯಾಸೆಟ್ಟು ನನ್ನ ಅಂಗಿಯ ಜೇಬಿನಲ್ಲಿತ್ತು. ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಮೊದಲನೆಯದೂ ಹೊರಗೆ ಬರಲಿಲ್ಲ.

ಅಂಗಡಿಯ ಹಿಂದೆಯೇ ಮನೆ. ನಡುವಿನ ಬಾಗಿಲಿಗೆ ಪದ್ಮಕ್ಕ ಬಂದು ನಿಂತರು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದರೋ. ನನ್ನನ್ನು ನೋಡಿದರು. 'ಬಿಸಿಲಾಗ ಬಂದೀರಿ. ನೀರು ಕೊಡ್ಲೇನ್ರಿ ಅಣ್ಣಾರ?' ಎಂದರು. ತಂದರು. ನಾನು ಕುಡಿದೆ. ಖಾಲಿ ಚೊಂಬು ತೆಗೆದುಕೊಂಡು ಒಳಗೆ ಹೋದರು. ನಾನು ಬೇಡದ ಒಂದು ಟವೆಲ್ ಕೊಂಡುಕೊಂಡು, ಕ್ಯಾಸೆಟ್ಟನ್ನು ಜೇಬಿನಲ್ಲೇ ಇಟ್ಟುಕೊಂಡು, ಬಂದ ಬಸ್ಸಿಗೇ ತಿರುಗಿ ಬಂದೆ.

ಪದ್ಮಕ್ಕ ಮತ್ತೆ ಆರ್ಕೆಸ್ಟ್ರಾಕ್ಕೆ ಬರಲಿಲ್ಲ. ಮದುವೆಯಾಯಿತು, ಮಕ್ಕಳಾದರು, ತಂದೆಯ ಅಂಗಡಿಯನ್ನು ಅವರೇ ದೊಡ್ಡದು ಮಾಡಿದರು. ಕೆಟ್ಟ ಬಾಳೇನೂ ಬಾಳಲಿಲ್ಲ. ಅವರು ಹಾಳಾದರು ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಆದರೆ ಬಸದಿಯಲ್ಲಿ ಎಲ್ಲರೂ ಕೂಡಿ ಹಾಡುವಾಗ ಅವರು ತಾಳ ಹಾಕುತ್ತಾರಂತೆ, ದನಿ ಕೂಡಿಸುವುದಿಲ್ಲವಂತೆ. ಇದನ್ನು ಹೇಳಿದವನು ಇಸ್ಮಾಯಿಲ್.

ಈಗ ನಾನು ಬೆಳಗಾವಿಯ ಸದಾಶಿವನಗರದಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊಮ್ಮಗಳು ಮತ್ತು ಅವಳ ಗೆಳತಿಯರು ಮೊಬೈಲಿನಲ್ಲಿ ದನಿಯಿಲ್ಲದ ಸಂಗೀತ ಹಚ್ಚಿ ಹಾಡುತ್ತಾರೆ. ಹೋದ ತಿಂಗಳು ಅವರಲ್ಲೊಬ್ಬಳು ಜಪಾನಿ ಹಾಡು ಹಾಡಿದಳು, ಈಗಿನ ಹೊಸದು. ನಡುವೆ ಸಾಲು ಮರೆತಳು. ಸಂಗೀತ ಮುಂದೆ ಹೋಯಿತು. ಉಳಿದವರೆಲ್ಲ ನಕ್ಕರು, ಅವಳೂ ನಕ್ಕಳು, ಮತ್ತೆ ಮೊದಲಿನಿಂದ ಶುರು ಮಾಡಿದಳು. ಇಷ್ಟೇ ಆಗಬೇಕಾಗಿದ್ದದ್ದು. ಮತ್ತೆ ಮೊದಲಿನಿಂದ ಹಚ್ಚಲು ಒಬ್ಬರು ಹೇಳಿದ್ದರೆ ಸಾಕಿತ್ತು. ನಾನು ಎದ್ದು ಹೊರಗೆ ಹೋದೆ.

ಮರುದಿನವೇ ಪೀರನವಾಡಿಗೆ ಹೋಗಿ ಇಸ್ಮಾಯಿಲ್‌ನ ಮುಂದೆ ಕೂತು ಎಲ್ಲ ಹೇಳಿದೆ. ಅವನು ಕೊನೆಯವರೆಗೆ ಕೇಳಿ, 'ನಿನ್ನ ಹಿಂದ ಕುಂತಿದ್ನಲ್ಲೋ ಬಸೂ. ನಿನ್ನ ಕೈ ತಿರಗಿದ್ದು ನೋಡೇನಿ, ತಿರುಗಿ ಬಂದದ್ದೂ ನೋಡೇನಿ' ಎಂದ. ಮತ್ತೆ ಯಾಕೆ ಹೇಳಲಿಲ್ಲ ಎಂದೆ. 'ನೀ ಹೇಳ್ತೀ ಅಂತ ಕಾದೆ. ಕಾಯ್ಕೋತ ನಾನೂ ನಿನ್ನಾಂಗ ಆಗಿಹೋದೆ' ಎಂದ. ಅವನ ಪಾಲನ್ನು ಅವನೇ ಹೊರಲಿ. ನನ್ನದರಲ್ಲಿ ಒಂದು ಚೂರನ್ನೂ ಅವನ ಮೇಲೆ ಹಾಕುವುದಿಲ್ಲ.

ಪಾಯಪ್ಪನವರು ತೀರಿಕೊಂಡು ಬಹಳ ಕಾಲವಾಯಿತು. ಮಗಳು ಸುಳ್ಳಾಡಿದಳು ಎಂದೇ ನಂಬಿಕೊಂಡು ಹೋದರು. ಅದನ್ನು ಸರಿಪಡಿಸುವ ದಾರಿ ಈಗ ಯಾವುದೂ ಇಲ್ಲ. ಬರುವ ರವಿವಾರ ಖಾನಾಪುರಕ್ಕೆ ಹೋಗುತ್ತೇನೆ, ಹೊತ್ತಿರುವಾಗಲೇ. ಕ್ಯಾಸೆಟ್ಟು ಇನ್ನೂ ನನ್ನ ಹತ್ತಿರವಿದೆ. ಅದು ನುಡಿಯುತ್ತದೋ ಇಲ್ಲವೋ, ನೋಡಲು ನಾನು ಹೋಗಿಲ್ಲ. ಅವರ ಮಕ್ಕಳ ಮುಂದೆ, ಮೊಮ್ಮಕ್ಕಳ ಮುಂದೆ, ಹಾಡಿದವರು ಯಾರು ಎಂಬುದನ್ನು ಹೇಳುತ್ತೇನೆ. ಕ್ಷಮೆ ಕೇಳುವುದಿಲ್ಲ. ಕೇಳಿದರೆ ಕೊಡಬೇಕೋ ಬೇಡವೋ ಎಂಬ ಭಾರವೂ ಅವರ ಮೇಲೆಯೇ ಬೀಳುತ್ತದೆ.

ನನ್ನ ಕೈಯನ್ನು ಕಣ್ಣಾರೆ ಕಂಡವರು ಮೂವರು. ಜಪಾನಿನ ಮೋರಿ ಸಾಹೇಬರು ಇದ್ದಾರೋ ಇಲ್ಲವೋ ಗೊತ್ತಿಲ್ಲ. ಪೀರನವಾಡಿಯ ಇಸ್ಮಾಯಿಲ್ ಇದ್ದಾನೆ. ಮೂರನೆಯವರ ಹೆಸರನ್ನು ಇಷ್ಟು ಹೊತ್ತು ಹೇಳದೆ ಇಟ್ಟುಕೊಂಡಿದ್ದೆ. ಮೂರನೆಯ ಚರಣದಲ್ಲಿ, ಸೆರಗಿನಿಂದ ಬಾಯಿ ಮುಚ್ಚಿ ಪಕ್ಕಕ್ಕೆ ತಿರುಗಿದಾಗ ಅವರು ತಿರುಗಿದ್ದು ನನ್ನ ಕಡೆಗೆ. ನೋಡಿದ್ದು ನನ್ನ ಕೈಯನ್ನು. ತಂದೆ ನನ್ನನ್ನು ಕೇಳಿದಾಗಲೂ ಆ ಕೈಯ ಮಾತು ಎತ್ತಲಿಲ್ಲ. ಅಂಗಡಿಯ ಬಾಗಿಲಲ್ಲಿ ತಂದೆ ನನ್ನನ್ನು ಹೊಗಳುವುದನ್ನು ಕೇಳಿಸಿಕೊಂಡು, ಅದೇ ಕೈಗೆ ನೀರಿನ ಚೊಂಬು ಕೊಟ್ಟವರು. ಖಾನಾಪುರದ ಪೇಟೆಯಲ್ಲಿ, ಪಾಯಪ್ಪನವರ ಬಟ್ಟೆ ಅಂಗಡಿಯಲ್ಲಿ, ಪದ್ಮಾವತಿ ಇದ್ದಾರೆ.